ತುತ್ತಿನ ಗಂಟು ಮತ್ತು ತೋಟದ ಕಣಿ

(ಗುರುವಾಯನಕೆರೆಯ ಆಸುಪಾಸಿನ ಒಂದು ಅಡಿಕೆ ತೋಟ. ಮೇ ತಿಂಗಳ ಕೊನೆ. ಮಾವ ತೋಟದವರು. ಸೊಸೆ ಅವರ ತಂಗಿಯ ಮಗಳು, ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು.)

ಸೊಸೆ: ಮಾವ, ಆ ಮೈಲುತುತ್ತಿನ ಗಂಟನ್ನು ಡ್ರಮ್ಮಿನ ಬಾಯಿಗೆ ಕೋಲು ಅಡ್ಡ ಇಟ್ಟು ನೇತು ಹಾಕುವುದು ಯಾಕೆ? ಸೀದಾ ನೀರಿಗೆ ಸುರಿದರೆ ಆಗುವುದಿಲ್ಲವಾ?

ಮಾವ: ಸುರಿದರೆ ಅಡಿಯಲ್ಲಿ ಕೂತುಕೊಳ್ತದೆ. ಸಂಜೆ ಹಾಕಿದ್ದನ್ನು ಬೆಳಿಗ್ಗೆ ಬಂದು ನೋಡಿದರೂ ಕೆಳಗೆ ಕಡು ನೀಲಿ, ಮೇಲೆ ಬರೇ ನೀರು. ನೇತು ಹಾಕಿದರೆ ಕೆಲಸ ಬೇಗ ಆಗ್ತದೆ. ಅಪ್ಪನೂ ಹಾಗೇ ಮಾಡ್ತಿದ್ದದ್ದು. ಇದರಲ್ಲಿ ನಿನಗೆ ಎಂತ ಪಾಠ ಕಂಡಿತು?

ಸೊಸೆ: ಜೂನ್‌ನಲ್ಲಿ ಮಕ್ಕಳಿಗೆ ಮಾಡಬೇಕಾದ ಇಡೀ ಅಧ್ಯಾಯ ಕಂಡಿತು. ವಿಸರಣೆ, ಅಂದರೆ ಕಣಗಳು ತಾವಾಗಿ ಹಬ್ಬುವುದು. ತುತ್ತು ಕರಗಿದ ನೀರು ಬರೇ ನೀರಿಗಿಂತ ಭಾರ. ಗಂಟು ಮೇಲಿದ್ದರೆ ಆ ಭಾರದ ನೀರು ತಾನಾಗಿ ಇಳೀತದೆ, ಅದರ ಜಾಗಕ್ಕೆ ಹೊಸ ನೀರು ಬರ್ತದೆ, ಇಡೀ ಡ್ರಮ್ಮಿನ ನೀರು ನಿಧಾನಕ್ಕೆ ಸುತ್ತು ಹೊಡೀತಾ ಇರ್ತದೆ. ಗಂಟು ಅಡಿಯಲ್ಲಿದ್ದರೆ ಭಾರದ ನೀರು ಅಲ್ಲೇ ಮಲಗ್ತದೆ. ಆಮೇಲೆ ತುತ್ತಿನ ಕಣ ಮೇಲೆ ಬರಬೇಕಾದರೆ ವಿಸರಣೆಯೊಂದೇ ದಾರಿ.

ಮಾವ: ಬರಲಿ. ಎಷ್ಟು ಹೊತ್ತು?

ಸೊಸೆ: ಈ ಡ್ರಮ್ಮು ಮೂರಡಿ ಎತ್ತರ ಉಂಟು. ನೀರು ಕಿಂಚಿತ್ತೂ ಅಲುಗಾಡದೆ ಇದ್ದರೆ ಇಪ್ಪತ್ತು ವರ್ಷದ ಮೇಲೆ ಬೇಕು.

ಮಾವ: ಇಪ್ಪತ್ತು ಗಂಟೆ ಹೇಳು.

ಸೊಸೆ: ವರ್ಷ, ಮಾವ. ನೀವು ಇವತ್ತು ಸುರಿದದ್ದು ಮೇಲಿನವರೆಗೆ ಸರಿಯಾಗಿ ಹಬ್ಬುವಾಗ ನಿಮ್ಮ ಮೊಮ್ಮಗ ತೋಟಕ್ಕೆ ಮದ್ದು ಬಿಡಿಸ್ತಾ ಇರ್ತಾನೆ. ನಿಜದಲ್ಲಿ ಬಿಸಿಲಿಗೆ ಡ್ರಮ್ಮಿನ ಒಂದು ಬದಿ ಕಾದರೂ ಒಳಗೆ ನೀರು ಹರಿದಾಡ್ತದೆ, ಹಾಗಾಗಿ ಅಷ್ಟು ಕಾಯಬೇಕಾಗಿ ಬರುವುದಿಲ್ಲ. ಆದರೆ ಆ ಹರಿದಾಟ ವಿಸರಣೆ ಅಲ್ಲ.

ಮಾವ: ಲೆಕ್ಕ ಎಲ್ಲೋ ತಪ್ಪಿರಬೇಕು. ಊದುಬತ್ತಿ ಹಚ್ಚಿದರೆ ದೇವರ ಕೋಣೆಯಿಂದ ಜಗಲಿಗೆ ಅರ್ಧ ನಿಮಿಷದಲ್ಲಿ ವಾಸನೆ ಬರ್ತದೆ. ಅದು ವಿಸರಣೆ ಅಂತ ನಾನೇ ಶಾಲೆಯಲ್ಲಿ ಓದಿದ್ದು.

ಸೊಸೆ: ಈಗಲೂ ಅದೇ ಉದಾಹರಣೆ ಕೊಡ್ತಾರೆ. ನನಗೆ ಆ ಉದಾಹರಣೆ ಮೇಲೆ ಬಹಳ ಸಿಟ್ಟು. ಗಾಳಿ ಪೂರ್ತಿ ಸ್ತಬ್ಧವಾಗಿದ್ದರೆ ಆ ವಾಸನೆ ಹದಿನೈದು ಅಡಿ ದಾಟಲು ಹತ್ತಿರ ಹತ್ತಿರ ಎರಡು ವಾರ ಬೇಕು. ಅರ್ಧ ನಿಮಿಷದಲ್ಲಿ ಬಂದದ್ದು ಗಾಳಿ ಹೊತ್ತುಕೊಂಡು ಬಂದದ್ದು. ಊದುಬತ್ತಿಯ ಬಿಸಿ, ಫ್ಯಾನು, ನೀವು ನಡೆದಾಡಿದ್ದು, ಎಲ್ಲ ಸೇರಿ. ನೀರಿಗೆ ಹರಳು ಹಾಕಿ ಬಣ್ಣ ಹಬ್ಬುವುದನ್ನು ತೋರಿಸ್ತಾರಲ್ಲ, ಅದರಲ್ಲೂ ಮುಕ್ಕಾಲು ಪಾಲು ನೀರಿನ ಹರಿದಾಟವೇ. ಮಕ್ಕಳು ಹರಿಯುವುದನ್ನು ನೋಡಿ ಹಬ್ಬುವುದು ಅಂತ ಬರ್ಕೊಳ್ತಾರೆ.

ಮಾವ: ಹಾಗಾದರೆ ಇಷ್ಟು ನಿಧಾನದ ಸಂಗತಿಯನ್ನು ಕಲಿಸುವುದಾದರೂ ಯಾಕೆ? ಇಪ್ಪತ್ತು ವರ್ಷ ಬೇಕಾಗುವ ಕೆಲಸವನ್ನು ನಂಬಿ ಯಾವ ಜೀವ ಬದುಕ್ತದೆ?

ಸೊಸೆ: ಅದೇ ತುತ್ತು ಅಡಿಕೆ ಗೊನೆಯ ಮೇಲೆ ಬಿದ್ದ ಮೇಲೆ ಎಂತ ಮಾಡ್ತದೆ, ಹೇಳಿ.

ಮಾವ: ಕೊಳೆರೋಗ ತಡೀತದೆ. ಸುಣ್ಣದ ಜೊತೆ ಸೇರಿ ಕಾಯಿಗೆ ಅಂಟಿ ಕೂತಿರ್ತದೆ. ಮಳೆಗೆ ಬೇಗ ತೊಳೆದು ಹೋಗುವುದಿಲ್ಲ. ಹದ ಸರಿ ಉಂಟಾ ಅಂತ ಕತ್ತಿ ಅದ್ದಿ ನೋಡುವುದು. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ನೂರು ಲೀಟರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು.

ಸೊಸೆ: ಆ ರೋಗದ ಜೀವಿ ಮಳೆನೀರಿನ ಪದರದಲ್ಲಿ ಈಜಿಕೊಂಡು ಬರ್ತದೆ. ಮೈಸೂರು ಸರ್ಕಾರದ ಕೆಲಸದಲ್ಲಿದ್ದ ಕೋಲ್ಮನ್ ಅನ್ನುವ ಕೆನಡಾದವರು 1910ರಲ್ಲೇ ಅದರ ಬಗ್ಗೆ ಬರೆದಿದ್ದಾರೆ. ಕಾಯಿಯ ಮೇಲೆ ನಿಂತ ನೀರು ಎಷ್ಟು ದಪ್ಪ ಇದ್ದೀತು? ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ಅಂಟಿದ ಮದ್ದಿನಿಂದ ತಾಮ್ರದ ಕಣ ಚೂರುಚೂರೇ ಬಿಟ್ಟು ಆ ಪದರ ದಾಟಲಿಕ್ಕೆ ಎಂಟು ಹತ್ತು ಸೆಕೆಂಡು ಸಾಕು. ಡ್ರಮ್ಮಿನಲ್ಲಿ ಇಪ್ಪತ್ತು ವರ್ಷ, ಕಾಯಿಯ ಮೇಲೆ ಹತ್ತು ಸೆಕೆಂಡು. ತಾಮ್ರ ಅದೇ, ನೀರೂ ಅದೇ.

ಮಾವ: ದೂರ ಕಡಿಮೆಯಾಯಿತು, ಹೊತ್ತೂ ಕಡಿಮೆಯಾಯಿತು. ಅದರಲ್ಲಿ ಆಶ್ಚರ್ಯ ಎಂತ?

ಸೊಸೆ: ದೂರ ಎಷ್ಟು ಕಡಿಮೆಯಾಯಿತು, ನೋಡಿ. ಸುಮಾರು ಒಂಬತ್ತು ಸಾವಿರ ಪಾಲು. ಹೊತ್ತು ಅಷ್ಟೇ ಪಾಲು ಕಡಿಮೆಯಾಗಿದ್ದರೆ ಇಪ್ಪತ್ತು ವರ್ಷದ ಬದಲು ಒಂದು ದಿನ ಹಿಡೀತಿತ್ತು. ಹಿಡಿದದ್ದು ಹತ್ತು ಸೆಕೆಂಡು. ವಿಸರಣೆಯಲ್ಲಿ ದೂರ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟು, ದೂರ ಹತ್ತು ಪಟ್ಟಾದರೆ ಹೊತ್ತು ನೂರು ಪಟ್ಟು.

ಮಾವ: ಯಾಕೆ ಹಾಗೆ? ಒಂದು ಮಾರು ನಡೆಯಲು ಇಷ್ಟು ಹೊತ್ತಾದರೆ ಹತ್ತು ಮಾರಿಗೆ ಅದರ ಹತ್ತರಷ್ಟು ಆಗಬೇಕು.

ಸೊಸೆ: ನಡೆಯುವವನಿಗೆ ಎಲ್ಲಿ ಹೋಗಬೇಕು ಅಂತ ಗೊತ್ತಿರ್ತದೆ. ಕಣಕ್ಕೆ ಗೊತ್ತಿಲ್ಲ. ನೀರಿನಲ್ಲಿ ಅದು ಸೆಕೆಂಡಿಗೆ ಲಕ್ಷ ಕೋಟಿ ಸಲದಷ್ಟು ಡಿಕ್ಕಿ ತಿನ್ನುತ್ತಾ ಇರ್ತದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಹಾಕಿದ ಹೆಜ್ಜೆಯನ್ನು ಮುಂದಿನ ಹೆಜ್ಜೆ ಅಳಿಸ್ತದೆ. ನೂರು ಹೆಜ್ಜೆ ಹಾಕಿದರೆ ಹೊರಟಲ್ಲಿಂದ ಹತ್ತು ಹೆಜ್ಜೆಯಷ್ಟು ದೂರ ಸಿಕ್ಕೀತು. ನೂರು ಹೆಜ್ಜೆಯಷ್ಟು ದೂರ ಬೇಕಾದರೆ ಹತ್ತು ಸಾವಿರ ಹೆಜ್ಜೆ ಹಾಕಬೇಕು.

ಮಾವ: ಗೊತ್ತಿಲ್ಲದೆ ಹೋಗುವುದಾದರೆ ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ಅಂತ ಹೇಗೆ ಹೋಗ್ತದೆ? ಯಾರಾದರೂ ದೂಡಬೇಕಲ್ಲ.

ಸೊಸೆ: ಯಾರೂ ದೂಡುವುದಿಲ್ಲ, ಬರೀ ಎಣಿಕೆ. ಇತ್ಲಾಗಿ 100 ಕಣ, ಅತ್ಲಾಗಿ 10 ಅಂತ ಇಟ್ಟುಕೊಳ್ಳಿ. ಎಲ್ಲವೂ ಕಣ್ಣು ಮುಚ್ಚಿ ಎಡಕ್ಕೋ ಬಲಕ್ಕೋ ಹೆಜ್ಜೆ ಇಡ್ತವೆ. ಇಲ್ಲಿಂದ 50 ಅಲ್ಲಿಗೆ ಹೋಗ್ತವೆ, ಅಲ್ಲಿಂದ 5 ಇಲ್ಲಿಗೆ ಬರ್ತವೆ. ನಮ್ಮ ಕಣ್ಣಿಗೆ 45 ದಾಟಿದಂತೆ ಕಾಣ್ತದೆ. ಎರಡೂ ಕಡೆ ಸಮ ಆದ ಮೇಲೂ ಓಡಾಟ ನಿಲ್ಲುವುದಿಲ್ಲ, ಹೋದಷ್ಟೇ ಬರ್ತವೆ.

ಮಾವ: ಯಾರು ಕಂಡುಹಿಡಿದದ್ದು ಇದನ್ನೆಲ್ಲ?

ಸೊಸೆ: 1827ರಲ್ಲಿ ರಾಬರ್ಟ್ ಬ್ರೌನ್ ಅನ್ನುವ ಸಸ್ಯಶಾಸ್ತ್ರಜ್ಞ ಪರಾಗದೊಳಗಿನ ಸಣ್ಣ ಕಣಗಳು ನೀರಿನಲ್ಲಿ ಸುಮ್ಮನೆ ತೊನೆದಾಡುವುದನ್ನು ನೋಡಿದ. ಜೀವ ಇದ್ದದ್ದಕ್ಕೆ ಆಡ್ತವಾ ಅಂತ ಕಲ್ಲಿನ ಪುಡಿ ಹಾಕಿ ನೋಡಿದ, ಅದೂ ಆಡಿತು. 1855ರಲ್ಲಿ ಅಡಾಲ್ಫ್ ಫಿಕ್ ನಿಯಮ ಬರೆದ. ಅವನು ವೈದ್ಯ ಓದಿದವನು, ದೇಹದ ಪೊರೆಗಳ ಮೂಲಕ ಎಂತ ಹೇಗೆ ದಾಟ್ತದೆ ಅನ್ನುವುದು ಅವನ ತಲೆಬಿಸಿ. 1905ರಲ್ಲಿ ಐನ್‌ಸ್ಟೈನ್ ಬ್ರೌನ್ ಕಂಡದ್ದಕ್ಕೆ ಲೆಕ್ಕ ಕೊಟ್ಟ. ದೂರದ ವರ್ಗದಷ್ಟು ಹೊತ್ತು ಅನ್ನುವುದು ಅವನ ಲೆಕ್ಕ. ಪರೀಕ್ಷೆಗೆ ಇಷ್ಟು ಸಾಕು.

ಮಾವ: ನನಗೆ ಪರೀಕ್ಷೆ ಇಲ್ಲ. ಆಮ್ಲಜನಕದ್ದು ಹೇಳು. ಅದು ನೀರಿನಲ್ಲಿ ಎಷ್ಟು ಹೋಗ್ತದೆ?

ಸೊಸೆ: ಒಂದು ಜೀವಕೋಶದ ಅಗಲ, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ ದಾಟಲು ಸೆಕೆಂಡಿನ ನಲವತ್ತನೇ ಒಂದು ಪಾಲು. ಒಂದು ಮಿಲಿಮೀಟರ್ ದಾಟಲು ನಾಲ್ಕು ನಿಮಿಷ. ಒಂದು ಸೆಂಟಿಮೀಟರಿಗೆ ಏಳು ಗಂಟೆ. ಹತ್ತು ಸೆಂಟಿಮೀಟರಿಗೆ ಒಂದು ತಿಂಗಳು. ಒಂದು ಮೀಟರಿಗೆ ಎಂಟು ವರ್ಷ. ವೇಣೂರಿನ ಗೊಮ್ಮಟ 35 ಅಡಿ ಎತ್ತರ ಅಲ್ವಾ? ತಿಮ್ಮಣ್ಣ ಅಜಿಲರು ಅದನ್ನು ನಿಲ್ಲಿಸಿದ್ದು 1604ರಲ್ಲಿ. ಅಷ್ಟೇ ಎತ್ತರದ ಒಂದು ನೀರಿನ ಕಂಬ ಅಲುಗಾಡದೆ ಪಕ್ಕದಲ್ಲಿ ನಿಂತಿತ್ತು ಅಂತ ಇಟ್ಟುಕೊಳ್ಳಿ. ಆ ದಿನ ಪಾದದ ಮಟ್ಟದಿಂದ ಹೊರಟ ಆಮ್ಲಜನಕ ಇವತ್ತಿಗೆ ಸರಾಸರಿ ಎದೆಯ ಹತ್ತಿರ ಬಂದಿರಬಹುದು. ತಲೆ ಮುಟ್ಟಲು ಇನ್ನೂ ನಾಲ್ಕೈದು ಶತಮಾನ ಉಂಟು.

ಮಾವ: ಅಷ್ಟರಲ್ಲಿ ಎಷ್ಟು ಮಸ್ತಕಾಭಿಷೇಕ ಆದೀತೋ! ಸರಿ, ಈ ಅಡಿಕೆ ಮರ ಅದಕ್ಕಿಂತ ಎತ್ತರ. ಬುಡದ ನೀರು ಸೋಗೆಗೆ ಹೋಗುವುದಿಲ್ಲವಾ?

ಸೊಸೆ: ಹೋಗ್ತದೆ. ಆದರೆ ವಿಸರಣೆಯಿಂದ ಅಲ್ಲ. ಎಲೆಯಿಂದ ನೀರು ಆವಿಯಾಗಿ ಹೋಗ್ತಾ ಇದ್ದರೆ ನಳಿಗೆಯಲ್ಲಿರುವ ನೀರಿನ ಎಳೆ ಕೆಳಗಿನಿಂದ ಎಳೆದುಕೊಂಡು ಮೇಲೆ ಬರ್ತದೆ. ಅದು ಹರಿವು. ನೋಡಿ, ಇಷ್ಟೇ ಸಂಗತಿ: ದೂರದ ಸಾಗಾಟಕ್ಕೆ ಪ್ರತಿಯೊಂದು ದೊಡ್ಡ ಜೀವವೂ ಒಂದು ಹರಿವನ್ನು ಇಟ್ಟುಕೊಂಡಿದೆ. ಕೊನೆಯ ಕೂದಲೆಳೆಯಷ್ಟು ದೂರವನ್ನು ಮಾತ್ರ ವಿಸರಣೆಗೆ ಬಿಟ್ಟಿದೆ. ಅಲ್ಲಿ ಅದಕ್ಕೆ ಖರ್ಚಿಲ್ಲ, ಅಲ್ಲಿ ಅದರಷ್ಟು ಚುರುಕು ಯಾವುದೂ ಇಲ್ಲ. ಎಲೆಗೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು ಹಾಗೆ, ಸಣ್ಣ ತೂತಿನಲ್ಲಿ. ಅದೇ ತೂತಿನಿಂದ ನೀರೂ ಹೊರಗೆ ಹೋಗ್ತದೆ, ಒಂದು ಅಣು ಒಳಗೆ ಬರುವಷ್ಟರಲ್ಲಿ ನೂರಾರು ಅಣು ನೀರು ಆಚೆ. ಎಪ್ರಿಲಿನಲ್ಲಿ ನೀವು ಸ್ಪ್ರಿಂಕ್ಲರ್ ಬಿಡ್ತೀರಲ್ಲ, ಅದು ಈ ಲೇವಾದೇವಿಯ ಬಿಲ್ಲು.

ಮಾವ: ನಮ್ಮ ಮೈಯಲ್ಲೂ ಹಾಗೆಯೇ?

ಸೊಸೆ: ಹಾಗೆಯೇ. ಶ್ವಾಸಕೋಶದ ಒಳಗೆ ಕೋಟಿಗಟ್ಟಲೆ ಸಣ್ಣ ಗಾಳಿಗೂಡು ಉಂಟು. ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ನಿಮ್ಮ ಅಂಗಳದ ಒಂದು ಒಳ್ಳೆಯ ಪಾಲು. ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೂ ಇಲ್ಲ. ರಕ್ತ ಅಲ್ಲಿ ಇರುವುದು ಮುಕ್ಕಾಲು ಸೆಕೆಂಡು, ಅದರಲ್ಲಿ ಕಾಲು ಸೆಕೆಂಡಿಗೇ ಆಮ್ಲಜನಕ ತುಂಬಿ ಆಗ್ತದೆ. ಮತ್ತೆ ಹೃದಯ ಅದನ್ನು ದೂಡ್ತದೆ, ಸುಮಾರು ಒಂದು ನಿಮಿಷದಲ್ಲಿ ಇಡೀ ಮೈ ಸುತ್ತಿ ಬರ್ತದೆ. ಸ್ನಾಯುವಿನ ಒಳಗೆ ಹೋದರೆ ಯಾವ ಕೋಶವೂ ರಕ್ತದ ಎಳೆಯಿಂದ ಒಂದು ಕೂದಲಿನ ದಪ್ಪಕ್ಕಿಂತ ದೂರ ಇರುವುದಿಲ್ಲ. ಕೆಲಸ ಮಾಡುವಾಗ ಸ್ನಾಯುವಿನಲ್ಲಿ ಮುಚ್ಚಿಕೊಂಡಿದ್ದ ಎಳೆಗಳು ತೆರೆದುಕೊಳ್ತವೆ ಅಂತ ತೋರಿಸಿದ ಡೆನ್ಮಾರ್ಕಿನ ಅಗಸ್ಟ್ ಕ್ರೋಗ್‌ಗೆ 1920ರಲ್ಲಿ ನೊಬೆಲ್ ಬಂತು.

ಮಾವ: ಹಾಗಾದರೆ ಒಂದು ಕೇಳ್ತೇನೆ. ಕೊರೊನಾ ಹೊತ್ತಿನಲ್ಲಿ ನಮ್ಮ ಬೈಲಿನ ಒಬ್ಬರಿಗೆ ಬೆರಳಿನ ಕ್ಲಿಪ್ಪಿನಲ್ಲಿ ಆಮ್ಲಜನಕ 80 ತೋರಿಸ್ತಿತ್ತು. ಮನುಷ್ಯ ಆರಾಮಾಗಿ ಫೋನಿನಲ್ಲಿ ಅಡಿಕೆ ರೇಟು ಕೇಳ್ತಾ ಇದ್ದರು. ಡಾಕ್ಟರು ಗಡಿಬಿಡಿ ಮಾಡಿದ್ದು ನೋಡಿ ನಮಗೆ ಕ್ಲಿಪ್ಪೇ ಹಾಳಾಗಿರಬೇಕು ಅನಿಸಿತು. ಎಂತ ಸಂಗತಿ ಅದು?

ಸೊಸೆ: ಎಲ್ಲ ಕಾರಣ ಒಂದೇ ಅಲ್ಲ, ಆದರೆ ದೊಡ್ಡದೊಂದು ಇದೇ. ಗಾಳಿಗೂಡಿನ ಪೊರೆ ಬಾತುಕೊಂಡು, ಒಳಗೆ ದ್ರವ ತುಂಬ್ತದೆ. ದಾಟಬೇಕಾದ ದಾರಿ ದಪ್ಪ ಆಯಿತು. ದಪ್ಪ ಎರಡರಷ್ಟಾದರೆ ದಾಟುವ ಆಮ್ಲಜನಕ ಅರ್ಧ, ಇದು ಫಿಕ್ಕನ ನಿಯಮ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಬಹಳ ಚೆನ್ನಾಗಿ ಕರಗ್ತದೆ. ಹಾಗಾಗಿ ಒದ್ದೆ ಪೊರೆಯನ್ನು ಆಮ್ಲಜನಕಕ್ಕಿಂತ ಇಪ್ಪತ್ತರಷ್ಟು ಸುಲಭದಲ್ಲಿ ದಾಟ್ತದೆ. ಒಳಗೆ ಬರಬೇಕಾದ್ದು ಬರುವುದಿಲ್ಲ, ಹೊರಗೆ ಹೋಗಬೇಕಾದ್ದು ಆರಾಮಾಗಿ ಹೋಗ್ತದೆ. ನಮಗೆ ಉಸಿರು ಕಟ್ಟಿದ ಹಾಗೆ ಅನಿಸುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಒಳಗೆ ಉಳಿದಾಗ. ಅದು ಉಳಿದಿಲ್ಲ, ಮತ್ತೆ ಮನುಷ್ಯರಿಗೆ ಗೊತ್ತಾಗುವುದು ಹೇಗೆ?

ಮಾವ: ಸಿಲಿಂಡರ್ ಇಟ್ಟದ್ದು?

ಸೊಸೆ: ದಾರಿ ದಪ್ಪ ಆದದ್ದನ್ನು ಆ ಕ್ಷಣಕ್ಕೆ ತೆಳು ಮಾಡಲು ಬರುವುದಿಲ್ಲ. ಹಾಗಾಗಿ ಈಚೆ ಬದಿಯಲ್ಲಿ ಹೆಚ್ಚು ಇಡುವುದು. ಗಾಳಿಯಲ್ಲಿ 100ಕ್ಕೆ 21 ಇದ್ದ ಆಮ್ಲಜನಕವನ್ನು 60 ಮಾಡಿದರೆ, ಎರಡು ಬದಿಯ ವ್ಯತ್ಯಾಸ ಹೆಚ್ಚಾಗಿ, ಅದೇ ದಪ್ಪದಲ್ಲೂ ಹೆಚ್ಚು ದಾಟ್ತದೆ. ಕಿಡ್ನಿ ಹೋದವರಿಗೆ ಡಯಾಲಿಸಿಸ್ ಮಾಡುವಲ್ಲಿಯೂ ಲೆಕ್ಕ ಇದೇ. ಕೂದಲಿನಂಥ ಸಾವಿರಾರು ಕೊಳವೆಯೊಳಗೆ ರಕ್ತ ಒಂದು ದಿಕ್ಕಿಗೆ, ಹೊರಗಿನಿಂದ ಶುದ್ಧ ದ್ರವ ಎದುರು ದಿಕ್ಕಿಗೆ. ಕೊನೆಯವರೆಗೂ ವ್ಯತ್ಯಾಸ ಉಳಿಯಬೇಕಲ್ಲ, ಅದಕ್ಕೆ ಎದುರುಬದುರು. ಮೀನಿನ ಕಿವಿರಿನಲ್ಲಿ ಈ ಉಪಾಯ ಮನುಷ್ಯ ಹುಟ್ಟುವ ಎಷ್ಟೋ ಮೊದಲೇ ಇತ್ತು.

ಮಾವ: ಮೀನು ಅಂದದ್ದಕ್ಕೆ ನೆನಪಾಯಿತು. ಮೋಡ ಮುಸುಕಿ ಗಾಳಿ ಇಲ್ಲದ ದಿನ, ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಕೆರೆಯಲ್ಲಿ ಮೀನು ಮೇಲೆ ಬಂದು ಬಾಯಿ ಬಿಡ್ತವೆ. ನಮ್ಮ ಪೇಟೆಯ ಕೆರೆಯಂಥ ದೊಡ್ಡದರಲ್ಲಿ ಕಡಿಮೆ, ಸಣ್ಣ ಮದಕಗಳಲ್ಲಿ ಜಾಸ್ತಿ.

ಸೊಸೆ: ದೊಡ್ಡ ಕೆರೆಗೆ ಗಾಳಿ ಬೀಸಿ ತೆರೆ ಏಳ್ತದೆ, ಮೇಲಿನ ನೀರು ಕೆಳಗೆ ಹೋಗ್ತದೆ. ಗಾಳಿ ನಿಂತರೆ ಆಮ್ಲಜನಕ ಮೇಲಿನಿಂದ ವಿಸರಣೆಯಿಂದಲೇ ಇಳಿಯಬೇಕು. ಮೀಟರಿಗೆ ಎಂಟು ವರ್ಷ ಅಂದೆನಲ್ಲ! ರಾತ್ರಿ ಪಾಚಿ ಆಮ್ಲಜನಕ ಮಾಡುವುದಿಲ್ಲ, ಎಲ್ಲರೂ ಉಸಿರಾಡುವುದು ಮಾತ್ರ. ಬೆಳಗಿನ ಜಾವಕ್ಕೆ ಗಾಳಿ ತಾಗುವ ಆ ಮೇಲಿನ ಪದರ ಒಂದರಲ್ಲೇ ಸ್ವಲ್ಪ ಉಳಿದಿರ್ತದೆ. ಮೀನು ಅಲ್ಲಿಗೆ ಬಾರದೆ ಎಲ್ಲಿಗೆ ಹೋಗಬೇಕು?

ಮಾವ: ಕೆರೆಯ ಕತೆ ಹೀಗಾದರೆ ನನ್ನ ತೋಟದ ಕತೆ ಹೇಗೆ? ಆ ತಗ್ಗಿನ ತುದಿ ಮೊದಲು ಗದ್ದೆ ಇತ್ತು. ಏಣೆಲು ಭತ್ತದ ಬೇಸಾಯಕ್ಕೆ ಜನ ಸಿಗದೆ ಅಡಿಕೆ ಹಾಕಿದೆ. ನೀರು ಹೋಗುವ ಕಣಿ ಮುಚ್ಚಿಹೋದ ವರ್ಷ ಅಲ್ಲಿಯ ಮರ ಮಾತ್ರ ಹಳದಿ ತಿರುಗ್ತವೆ. ಗೊಬ್ಬರ ಹಾಕಿದರೂ ಏಳುವುದಿಲ್ಲ. ವಿಚಿತ್ರ ಅಂದರೆ ನೀರಿನಲ್ಲೇ ನಿಂತು ಬಾಡಿದ ಹಾಗೆ ಕಾಣ್ತವೆ.

ಸೊಸೆ: ಹಳದಿ ಎಲೆ ರೋಗ ಅಲ್ಲ ತಾನೆ? ಸುಳ್ಯದ ಕಡೆ ಇರುವಂಥದ್ದು?

ಮಾವ: ಅಲ್ಲ. ಅದು ಬೇರೆ ಲಕ್ಷಣ, ಕಣಿ ತೆಗೆದರೆ ಹೋಗುವಂಥದ್ದಲ್ಲ. ಇದು ಕಣಿ ತೆಗೆದ ಮರುವರ್ಷ ಸುಧಾರಿಸ್ತದೆ.

ಸೊಸೆ: ಹಾಗಾದರೆ ಬೇರಿಗೆ ಉಸಿರಿಲ್ಲದ್ದೇ. ಬೇರೂ ನಮ್ಮ ಹಾಗೆ ಆಮ್ಲಜನಕ ತೆಗೆದುಕೊಂಡು ಉಸಿರಾಡ್ತದೆ. ಮಣ್ಣಿನ ಸೆರೆಯಲ್ಲಿ ಗಾಳಿ ಇದ್ದರೆ ಆಮ್ಲಜನಕ ಆ ಗಾಳಿಯಲ್ಲೇ ಹಬ್ಬಿಕೊಂಡು ಇಳೀತದೆ. ಸೆರೆಗೆ ನೀರು ತುಂಬಿತು ಅನ್ನಿ. ಗಾಳಿಯಲ್ಲಿ ಹಬ್ಬುವುದಕ್ಕಿಂತ ನೀರಿನಲ್ಲಿ ಹಬ್ಬುವುದು ಹತ್ತು ಸಾವಿರ ಪಟ್ಟು ನಿಧಾನ. ಸಾಲದ್ದಕ್ಕೆ, ಒಂದು ಲೀಟರ್ ಗಾಳಿಯಲ್ಲಿ ಇರುವ ಆಮ್ಲಜನಕದ ಮೂವತ್ತನೇ ಒಂದು ಪಾಲು ಮಾತ್ರ ಒಂದು ಲೀಟರ್ ನೀರಿನಲ್ಲಿ ಕರಗಿರ್ತದೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳೂ ಅದಕ್ಕೇ ಬಾಯಿ ಹಾಕ್ತವೆ. ನೀರು ನಿಂತು ಒಂದೆರಡು ದಿನದಲ್ಲಿ ಇದ್ದದ್ದು ಖಾಲಿ. ಉಸಿರಿಲ್ಲದ ಬೇರಿಗೆ ಗೊಬ್ಬರ ಎಳೆಯುವ ಶಕ್ತಿ ಇಲ್ಲ, ನೀರು ಎಳೆಯಲೂ ಆಗುವುದಿಲ್ಲ. ನೀರಿನಲ್ಲಿ ನಿಂತು ಬಾಡುವುದು ಅಂತ ನೀವು ಹೇಳಿದ್ದು ಅಕ್ಷರಶಃ ಸರಿ.

ಮಾವ: ವರ್ಷಕ್ಕೆ 4000 ಮಿಲಿಮೀಟರ್ ಮಳೆ ಬರುವ ಊರು. ಮೂರು ತಿಂಗಳು ನಿಂತ ನೀರು. ನಾನು ಕಣಿ ತೆಗೆಯುವುದು ನೀರು ಹೊರಗೆ ಕಳಿಸಲಿಕ್ಕೆ ಅಂತ ತಿಳಿದಿದ್ದೆ. ನೀನು ಹೇಳುವ ಹಾಗೆ ನೋಡಿದರೆ ಗಾಳಿ ಒಳಗೆ ತರಲಿಕ್ಕೆ.

ಸೊಸೆ: ಎರಡೂ ಒಂದೇ ಕೆಲಸ. ಅಡಿಕೆಯ ಹೆಚ್ಚಿನ ಬೇರು ಬುಡದಿಂದ ಒಂದು ಮೀಟರ್ ಸುತ್ತಿನೊಳಗೇ ಇರ್ತದೆ. ಒಂಬತ್ತು ಅಡಿ ಅಂತರದ ಸಾಲಿನಲ್ಲಿ ಎರಡು ಸಾಲಿಗೊಂದು ಕಣಿ, ಅದೂ ನೆಟ್ಟ ಗುಂಡಿಗಿಂತ ಅರ್ಧ ಅಡಿಯಾದರೂ ಆಳ ಇದ್ದರೆ, ಬೇರಿನ ಮಟ್ಟದಲ್ಲಿ ಸೆರೆಗಳು ಬೇಗ ಬರಿದಾಗ್ತವೆ. ಎರಡು ಮಳೆಯ ನಡುವೆ ಒಂದು ದಿನ ಬಿಡುವು ಸಿಕ್ಕಿದರೂ ಗಾಳಿ ಇಳೀತದೆ.

ಮಾವ: ಇರು, ಇರು. ಅದೇ ಜಾಗದಲ್ಲಿ ಮೊದಲು ಭತ್ತ ಇತ್ತು ಅಂದೆನಲ್ಲ. ಅಜ್ಜನ ಕಾಲದಿಂದ ಆ ಕೆಸರಿನಲ್ಲೇ ನಿಂತು ಬೆಳೆದದ್ದು. ಅದಕ್ಕೆ ಯಾಕೆ ಉಸಿರು ಕಟ್ಟಲಿಲ್ಲ? ಭತ್ತದ ಬೇರು ಬೇರು ಅಲ್ಲವಾ?

ಸೊಸೆ: ನೀವೇ ಹೇಳಿ. ನೇಜಿ ಕೀಳುವಾಗ, ಇಲ್ಲ ಬೆಳೆದ ಬುಡ ಕಿತ್ತು ತೊಳೆದಾಗ ಬೇರಿನ ಬಣ್ಣ ನೋಡಿದ್ದೀರಾ?

ಮಾವ: ಹೊಸ ಬೇರು ಬಿಳಿ. ಬೆಳೆದದ್ದು ಕೆಂಪು ಕೆಂಪು, ಕಬ್ಬಿಣದ ತುಕ್ಕು ಹಿಡಿದ ಹಾಗೆ. ಗದ್ದೆ ಹಾಳಾದಲ್ಲಿ ಕಪ್ಪು, ಕೊಳೆತ ಮೊಟ್ಟೆಯ ವಾಸನೆ.

ಸೊಸೆ: ಆ ಕೆಂಪು ತುಕ್ಕೇ. ಕೆಸರಿನಲ್ಲಿ ಆಮ್ಲಜನಕ ಇಲ್ಲದೆ ಕರಗಿಕೊಂಡಿರುವ ಕಬ್ಬಿಣ ಬೇರಿನ ಮೈಗೆ ಬಂದಾಗ ಅಲ್ಲಿ ಆಮ್ಲಜನಕ ಸಿಕ್ಕಿ ತುಕ್ಕಾಗಿ ಕೂತುಕೊಳ್ತದೆ. ಆಮ್ಲಜನಕ ಅಲ್ಲಿಗೆ ಎಲ್ಲಿಂದ ಬಂತು? ಬೇರಿನ ಒಳಗಿನಿಂದ. ಭತ್ತದ ಎಲೆಯಿಂದ ದಂಟು, ದಂಟಿನಿಂದ ಬೇರಿನ ತುದಿಯವರೆಗೆ ಒಳಗೆ ಗಾಳಿಯ ಓಣಿಗಳು ಉಂಟು. ಕೆಲವು ಕೋಶಗಳು ತಾವೇ ಸತ್ತು ಜಾಗ ಬಿಟ್ಟುಕೊಡ್ತವೆ. ಆಮ್ಲಜನಕ ನೀರಿನ ದಾರಿ ಬಿಟ್ಟು ಈ ಗಾಳಿಯ ದಾರಿ ಹಿಡಿಯಿತು, ಹತ್ತು ಸಾವಿರ ಪಟ್ಟು ಚುರುಕಾಯಿತು. ಕೊನೆಯಲ್ಲಿ ಸ್ವಲ್ಪ ಬೇರಿನಿಂದ ಸೋರಿ ಕೆಸರಿಗೂ ಹೋಗ್ತದೆ. ಕಪ್ಪು ಬೇರು, ಮೊಟ್ಟೆ ವಾಸನೆ ಅಂದರೆ ಆ ಸೋರಿಕೆ ಸೋತು ಗಂಧಕದ ವಿಷ ಗೆದ್ದದ್ದು.

ಮಾವ: ಅಡಿಕೆಗೆ ಆ ಓಣಿ ಇಲ್ಲ.

ಸೊಸೆ: ಭತ್ತಕ್ಕಿರುವಷ್ಟು ಇಲ್ಲ. ತಾವರೆಯ ದಂಟು ಮುರಿದರೆ ತೂತು ಕಾಣ್ತದಲ್ಲ, ಅದು ಇನ್ನೂ ಒಂದು ಹೆಜ್ಜೆ ಮುಂದೆ: ಎಲೆಯ ಬಿಸಿಯಿಂದ ಒಳಗೆ ಒತ್ತಡ ಹುಟ್ಟಿಸಿ ಗಾಳಿಯನ್ನು ಕೆಸರಿನ ಗೆಡ್ಡೆಯವರೆಗೆ ಹರಿಸಿಬಿಡ್ತದೆ. ನೇತ್ರಾವತಿ ಸಮುದ್ರ ಸೇರುವಲ್ಲಿ ಕೆಲವು ಕಾಂಡ್ಲ ಗಿಡಗಳು ಬೇರನ್ನೇ ಕೆಸರಿನಿಂದ ಮೇಲಕ್ಕೆ ಕಳಿಸಿ ಗಾಳಿ ಹಿಡೀತವೆ. ಒಬ್ಬೊಬ್ಬರದ್ದು ಒಂದೊಂದು ದಾರಿ. ಅಡಿಕೆಗೆ ಸ್ವಂತ ದಾರಿ ಇಲ್ಲ, ಹಾಗಾಗಿ ಅದರ ಪಾಲಿನ ಕೆಲಸ ನಿಮ್ಮ ಮೇಲೆ ಬಿದ್ದದ್ದು.

ಮಾವ: ಗದ್ದೆಯನ್ನು ತೋಟ ಮಾಡಿದ್ದೇ ತಪ್ಪು ಅಂತ ಸುತ್ತಿ ಬಳಸಿ ಹೇಳ್ತಾ ಇದ್ದೀಯಾ?

ಸೊಸೆ: ಗದ್ದೆ ಮಾಡಲು ಜನ ಇಲ್ಲ ಅಂತ ನೀವು ಹೇಳಿದಿರಿ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ನೀರಿಗೆ ಹೇಳಿ ಮಾಡಿಸಿದ ಬೆಳೆ ತೆಗೆದು ನೀರಿಗೆ ಆಗದ ಬೆಳೆ ಹಾಕಿದ ಮೇಲೆ ಕಣಿಯಲ್ಲಿ ಉಳಿತಾಯ ಮಾಡಬಾರದು.

ಮಾವ: ಕಣಿಯ ಮಾತು ಇರಲಿ. ಅತ್ತೆ ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟದ್ದು ವಾರಗಟ್ಟಲೆ ಆದ ಮೇಲೆ ಸುಕ್ಕಾಗ್ತದೆ. ಹೆಚ್ಚಿ ಹಾಕಿದ ಹೋಳಿಗೆ ಮರುದಿನವೇ ಉಪ್ಪು ಹಿಡಿದಿರ್ತದೆ. ಅದೂ ಇದೇ ವರ್ಗದ ಲೆಕ್ಕವಾ?

ಸೊಸೆ: ಒಳ್ಳೆ ಪ್ರಶ್ನೆ. ದೂರದ ಲೆಕ್ಕ ಇದೆ, ಹೋಳಿನಲ್ಲಿ ಉಪ್ಪು ದಾಟಬೇಕಾದ್ದು ಎರಡು ಮೂರು ಮಿಲಿಮೀಟರ್. ಇಡೀ ಮಿಡಿಯಲ್ಲಿ ಅದರ ನಾಲ್ಕೈದು ಪಟ್ಟು, ಅಂದರೆ ಹೊತ್ತು ಇಪ್ಪತ್ತು ಪಟ್ಟು. ಅದರ ಮೇಲೆ ಮಿಡಿಗೆ ಸಿಪ್ಪೆ ಉಂಟು, ಅದು ಬೇರೆ ಅಡ್ಡಿ. ಸುಕ್ಕಾಗುವುದು ಮಾತ್ರ ಉಪ್ಪು ಒಳಗೆ ಹೋದದ್ದರಿಂದ ಅಲ್ಲ. ಕೋಶದ ಪೊರೆ ಉಪ್ಪನ್ನು ತಡೆದು ನೀರನ್ನು ಬಿಡ್ತದೆ, ಒಳಗಿನ ನೀರು ಉಪ್ಪಿದ್ದ ಕಡೆಗೆ ಹೊರಟು ಹೋಗ್ತದೆ. ಅಭಿಸರಣೆ ಅಂತ ಅದಕ್ಕೆ ಮುಂದಿನ ಪಾಠ ಬೇರೆಯೇ ಉಂಟು.

ಮಾವ: ಮುಂದಿನ ಪಾಠ ಮುಂದಿನ ಸಲ. ಮಳೆ ಹಿಡಿಯಲು ಇನ್ನು ಹತ್ತು ದಿನವೂ ಇಲ್ಲ. ನಾಳೆಗೆ ಜೆಸಿಬಿ ಹೇಳಿದ್ದೇನೆ, ಕಣಿ ಎಲ್ಲ ಒಂದೇ ದಿನದಲ್ಲಿ ಆಳ ಮಾಡಿಸಿಬಿಡುವ.

ಸೊಸೆ: ಸಾಲಿನ ನಡುವೆ ನುಗ್ಗಿಸ್ತೀರಾ ಅದನ್ನು?

ಮಾವ: ಮತ್ತೆ? ಆಕಾಶದಿಂದ ಇಳಿಸಲಾ?

ಸೊಸೆ: ಅದರ ಭಾರಕ್ಕೆ ಮಣ್ಣು ಒತ್ತಿ ಹೋಗ್ತದೆ, ಮಾವ. ಮೊದಲು ಮುಚ್ಚುವುದು ದೊಡ್ಡ ಸೆರೆಗಳೇ, ಗಾಳಿ ನಿಲ್ಲುವುದು ಆ ದೊಡ್ಡ ಸೆರೆಗಳಲ್ಲೇ. ಸಣ್ಣ ಸೆರೆಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ತವೆ, ಕಣಿ ಎಷ್ಟು ಆಳ ಇದ್ದರೂ ಬಿಡುವುದಿಲ್ಲ. ಈ ವಾರ ಎರಡು ಮಳೆ ಬಂದು ಮಣ್ಣು ಒದ್ದೆ ಬೇರೆ ಆಗಿದೆ, ಒದ್ದೆ ಮಣ್ಣು ಇನ್ನೂ ಹೆಚ್ಚು ಒತ್ತಿಕೊಳ್ತದೆ. ಕಣಿ ಚೆಂದ ಆಗಬಹುದು, ಚಕ್ರ ಹೋದಲ್ಲಿ ಬೇರಿಗೆ ಮೊದಲಿನಷ್ಟೂ ಗಾಳಿ ಸಿಗಲಿಕ್ಕಿಲ್ಲ.

ಮಾವ: ಕೈಯಲ್ಲಿ ತೆಗೆಸಲು ಜನ ಎಲ್ಲಿದ್ದಾರೆ? ಮದ್ದು ಬಿಡುವವರಿಗೇ ತಿಂಗಳಿನಿಂದ ಫೋನು ಮಾಡ್ತಾ ಇದ್ದೇನೆ.

ಸೊಸೆ: ಅಂಚಿನ ದೊಡ್ಡ ತೋಡಿಗೆ ಯಂತ್ರ ಬರಲಿ, ಅಲ್ಲಿ ಬೇರಿಲ್ಲ. ಒಳಗಿನ ಕಣಿಗಳಲ್ಲಿ ಕಸ, ಕೆಸರು ಎತ್ತಿ ದಾರಿ ಬಿಡಿಸಿದರೆ ಈ ಮಳೆಗಾಲಕ್ಕೆ ಸಾಕು. ಆಳ ಮಾಡುವುದನ್ನು ಮಣ್ಣು ಒಣಗಿದ ಮೇಲೆ, ಫೆಬ್ರವರಿಯಲ್ಲಿ ನೋಡುವ.

ಮಾವ: ಹಾಗಾದರೆ ಒಳಗಿನದ್ದಕ್ಕೆ ಆದಿತ್ಯವಾರ ನೀನೂ ನಿನ್ನ ಗಂಡನೂ ಬನ್ನಿ. ಹಾರೆ, ಗುದ್ದಲಿ ಎರಡೂ ಇಲ್ಲಿ ಉಂಟು.